ಮೂಲೆಮನೆಯ ಏಳು ಫ್ಯಾನು

ಮೊದಲು ಫ್ಯಾನುಗಳು ಹೊರಟವು. ಆಮೇಲೆ ಮಿಕ್ಸಿಗಳು, ಆಮೇಲೆ ಕುರ್ಚಿಗಳು, ಆಮೇಲೆ ಎರಡು ಟಿ.ವಿ. ಬೆಳಗ್ಗೆ ಏಳು ಗಂಟೆಗೆಲ್ಲ ಗಲ್ಲಿಯ ಜನ ತಮ್ಮ ಸಾಮಾನನ್ನು ತಾವೇ ಕದ್ದವರ ಹಾಗೆ ಹಳೇ ಹೊದಿಕೆಯಲ್ಲಿ ಸುತ್ತಿಕೊಂಡು, ಆ ಕಡೆ ಈ ಕಡೆ ನೋಡಿಕೊಂಡು, ಮೂಲೆಮನೆಯ ಅಜ್ಜಿಯ ಬಾಗಿಲಿಗೆ ನಡೆದರು. ಅವತ್ತು ತಪಾಸಣೆಯವರು ಬರುವ ದಿನ.

ಬೆಲೆ ಏರಿತ್ತು. ಹಾಲು ಏರಿತ್ತು, ಎಣ್ಣೆ ಏರಿತ್ತು, ಮೊಟ್ಟೆ, ಸೋಪು, ಕೊನೆಗೆ ಪೆನ್ಸಿಲು ಕೂಡ. ಕೂಲಿಯೊಂದು ಮಾತ್ರ ಇದ್ದ ಜಾಗದಲ್ಲೇ ಕೂತಿತ್ತು. ಆಗ ಸರ್ಕಾರಕ್ಕೆ ಕನಿಕರ ಬಂತು. ಶಾಲೆಗೆ ಹೋಗುವ ಮಕ್ಕಳಿರುವ ಬಡವರ ಮನೆಗೆ ತಿಂಗಳು ತಿಂಗಳು ನೆರವು ಎಂದು ಸಾರಿತು. ಗೋಡೆಗೋಡೆಗೆ ಚಿತ್ರ ಅಂಟಿಸಿದರು. ಚಿತ್ರದಲ್ಲಿ ಒಂದು ಮಗು ಹೊಸ ಬ್ಯಾಗು ಹಾಕಿಕೊಂಡು ಅಷ್ಟೂ ಹಲ್ಲು ಬಿಟ್ಟು ನಗುತ್ತಿತ್ತು. ಕೆಳಗೆ, ಕಣ್ಣು ಕಿರಿದು ಮಾಡಿದರೂ ಕಾಣದ ಅಕ್ಷರದಲ್ಲಿ, ಷರತ್ತು ಇತ್ತು. ಮನೆಯಲ್ಲಿ ಏನೇನು ಇರಬಾರದು ಎಂಬ ಪಟ್ಟಿ ಅದು. ಫ್ಯಾನು, ಮಿಕ್ಸಿ, ಟಿ.ವಿ., ಕುರ್ಚಿ, ಕಬ್ಬಿಣದ ಮಂಚ, ಹೀಗೆ ಉದ್ದಕ್ಕೆ. ಇದರಲ್ಲಿ ಯಾವುದಾದರೂ ಎರಡು ಸಿಕ್ಕಿದರೆ ಆ ಮನೆ ಬಡವರದಲ್ಲ. ಪಟ್ಟಿಯ ಕೊನೆಯಲ್ಲಿ ‘ದುಡಿಮೆಯ ಯಂತ್ರ’ ಎಂದಿತ್ತು. ಅದು ಒಂದೇ ಒಂದು ಇದ್ದರೂ ಸಾಕು, ಹೆಸರು ಹೊಡೆದು ಹಾಕುತ್ತಾರೆ.

ಈ ಪಟ್ಟಿ ಬರೆದವನು ಆ ಫ್ಯಾನುಗಳನ್ನು ಒಂದು ಸಲ ಕಣ್ಣಾರೆ ನೋಡಬೇಕಿತ್ತು. ಗಾಳಿಗಿಂತ ಸದ್ದೇ ಜಾಸ್ತಿ. ಒಂದಕ್ಕೆ ಕತ್ತು ಮುರಿದು ತಂತಿ ಕಟ್ಟಿದೆ. ಇನ್ನೊಂದನ್ನು ಕೈಯಿಂದ ತಿರುಗಿಸಿ ದಮ್ಮಯ್ಯ ಅಂದರೆ ಮಾತ್ರ ಶುರುವಾಗುತ್ತದೆ. ಒಂದು ಟಿ.ವಿ.ಯಲ್ಲಿ ಜಗತ್ತೆಲ್ಲ ಹಸಿರು. ಗುಜರಿ ಅಂಗಡಿಯವನು ಬೇಡ ಅಂದ ಸಾಮಾನು ಸರ್ಕಾರದ ಕಣ್ಣಿಗೆ ಐಶ್ವರ್ಯವಾಗಿ ಕಂಡಿತ್ತು.

ಮೂಲೆಮನೆ ಅಜ್ಜಿಗೆ ಮಕ್ಕಳಿಲ್ಲ. ಹಾಗಾಗಿ ಅವಳ ಮನೆಗೆ ಈ ತಪಾಸಣೆಯೂ ಇಲ್ಲ. ನಲವತ್ತು ವರ್ಷ ಹಾಸ್ಟೆಲ್ಲೊಂದರಲ್ಲಿ ಪಾತ್ರೆ ತಿಕ್ಕಿದವಳು, ಈಗ ಮುದುಕರ ಪಿಂಚಣಿಯಲ್ಲಿ ಒಂಟಿಯಾಗಿ ಇರುವವಳು. ಹಿಂದೆ ಒಂದೆರಡು ಸಲ ಇಂಥದ್ದೇ ತಪಾಸಣೆ ಬಂದಾಗಲೂ ಗಲ್ಲಿಯ ಸಾಮಾನೆಲ್ಲ ಅವಳ ಮನೆಯಲ್ಲೇ ಅಡಗಿತ್ತು. ಅದು ಗಲ್ಲಿಯ ರೂಢಿಯೇ ಆಗಿಹೋಗಿತ್ತು. ಬಾಗಿಲಲ್ಲಿ ನಿಂತು ಅಜ್ಜಿ ಒಂದೊಂದನ್ನೂ ಒಳಗೆ ಬಿಡುತ್ತಿದ್ದಳು.

"ಬನ್ನಿ, ಬನ್ನಿ. ಇವತ್ತೊಂದು ದಿನ ನಾನೂ ಸಾಹುಕಾರ್ತಿ. ಯಾರಿಗಾದ್ರೂ ಸಾಲ ಬೇಕಾದ್ರೆ ಸಾಯಂಕಾಲದೊಳಗೆ ಕೇಳ್ಬಿಡಿ."

ಕಡೆಗೆ ಬಂದದ್ದು ಹೊಲಿಗೆ ಮಿಷನ್ನು. ಅದನ್ನು ಬೆನ್ನಿಗೆ ಹಗ್ಗದಲ್ಲಿ ಬಿಗಿದುಕೊಂಡು ತಂದವನು ಹೊಲಿಗೆಯವಳ ಗಂಡ. ಗೋದಾಮಿನಲ್ಲಿ ದಿನಾ ಐವತ್ತು ಕಿಲೋ ಮೂಟೆ ಹೊರುವ ಆಳು. ಹೊಲಿಗೆಯವಳು ಹಿಂದೆಯೇ ಬಂದಳು, ಪೆಡಲು ಅಲ್ಲಾಡದ ಹಾಗೆ ಕೈಯಲ್ಲಿ ಹಿಡಿದುಕೊಂಡು.

"ಹುಷಾರು ರೀ. ಗೋಡೆಗೆ ತಾಗಿಸ್ಬೇಡಿ."

"ಇಷ್ಟು ಜೋಪಾನ ನನ್ನನ್ನೂ ಮಾಡಿದ್ರೆ ನಾನು ಎಲ್ಲೋ ಇರ್ತಿದ್ದೆ."

"ನಿಮಗೇನು ಎಣ್ಣೆ ಬಿಡೋದು ಬೇಕಾ?"

ಗಲ್ಲಿ ನಕ್ಕಿತು. ಹೊಲಿಗೆಯವಳು ಮಾತ್ರ ನಗಲಿಲ್ಲ. ಹದಿನಾಲ್ಕು ವರ್ಷದಿಂದ ಅವಳ ಎರಡೂ ಕಾಲು ಆ ಪೆಡಲಿನ ಮೇಲೆ ಇದ್ದವು. ಮೊಣಕಾಲು ಕೂತರೆ ಹಿಡಿಯುತ್ತಿತ್ತು, ಎದ್ದರೆ ಕಚ್ಚುತ್ತಿತ್ತು. ಎಡಗೈ ತೋರುಬೆರಳಿನ ಉಗುರನ್ನು ಸೂಜಿ ಎರಡು ಸಲ ತೂರಿ ಹೋಗಿತ್ತು. ಆ ಉಗುರು ಈಗ ಸೀಳಿಕೊಂಡೇ ಬೆಳೆಯುತ್ತದೆ. ಅವಳು ಹೊಲಿಯುತ್ತಿದ್ದದ್ದು ಶಾಲೆಯ ಯೂನಿಫಾರಂ. ಗುತ್ತಿಗೆದಾರ ಕತ್ತರಿಸಿದ ಬಟ್ಟೆಯನ್ನು ಕಟ್ಟು ಕಟ್ಟಾಗಿ ಕಳಿಸುತ್ತಾನೆ. ಅವಳು ಲಂಗ, ಅಂಗಿ ಹೊಲಿದು ವಾಪಸು ಕೊಡಬೇಕು. ಚೂರುಪಾರು ಬಟ್ಟೆಯನ್ನೂ ಕೊಡಬೇಕು. ಅದನ್ನು ಅವನು ತಕ್ಕಡಿಗೆ ಹಾಕಿ ತೂಗಿ ನೋಡುತ್ತಾನೆ. ಒಂದು ಕರವಸ್ತ್ರದಷ್ಟು ಕಮ್ಮಿ ಬಂದರೂ ಗುರುಗುಟ್ಟುತ್ತಾನೆ.

ಅವಳಿಗೆ ಒಬ್ಬಳೇ ಮಗಳು. ಏಳನೇ ಕ್ಲಾಸು. ತೆಳ್ಳಗಿದ್ದಾಳೆಂದು ಗಲ್ಲಿಯೆಲ್ಲ ಅವಳನ್ನು ಸೂಜಿ ಅಂತಲೇ ಕರೆಯುತ್ತಿತ್ತು. ಶಾಲೆಯಿಂದ ಬಂದ ಕೂಡಲೆ ಸೂಜಿ ಅಮ್ಮನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಈ ವರ್ಷ ಶಾಲೆ ಯೂನಿಫಾರಮ್ಮಿನ ಬಣ್ಣ ಬದಲಾಯಿಸಿತ್ತು, ನೀಲಿಯಿಂದ ಬೂದಿಗೆ. ಬೂದಿ ಬಣ್ಣದ ಅಂಗಿಗಳಿಗೆ ನೂರಾರು ಗುಂಡಿ ಹಾಕುವ ಸೂಜಿ ಮಾತ್ರ ನೀಲಿ ಲಂಗದಲ್ಲೇ ಶಾಲೆಗೆ ಹೋಗುತ್ತಿದ್ದಳು. ಆ ಲಂಗವೂ ಮೊಣಕಾಲಿಗಿಂತ ಮೇಲೆ ಹೋಗಿತ್ತು. ಬಿಚ್ಚಿ ಇಳಿಸೋಣ ಅಂದರೆ ಅಂಚಿನಲ್ಲಿ ಬಟ್ಟೆ ಉಳಿದಿರಲಿಲ್ಲ. ನೀಲಿ ತೊಟ್ಟವರು ಮೊದಲ ಪೀರಿಯಡ್ಡು ಹೊರಗೆ ನಿಲ್ಲಬೇಕು. ಸೂಜಿ ಎರಡು ತಿಂಗಳಿಂದ ಹೊರಗೆ ನಿಂತೇ ಗಣಿತ ಕೇಳುತ್ತಿದ್ದಳು.

"ಹೊರಗೆ ನಿಂತ್ಕೊಂಡು ಏನು ಕಲೀತಾಳೆ? ಗುಂಡಿ ಕೆಲಸಕ್ಕೆ ಪೂರ್ತಿ ಕೂರಿಸಿಬಿಡು. ಕೈ ಚುರುಕಿದೆ" ಎಂದು ಗುತ್ತಿಗೆದಾರ ಎರಡು ಸಲ ಹೇಳಿದ್ದ. ಎರಡನೇ ಸಲ ಗಂಡ ಸುಮ್ಮನಿದ್ದ. ಆ ಸುಮ್ಮನಿರುವಿಕೆಗೆ ಹೊಲಿಗೆಯವಳು ಹೆದರಿದಳು. ನೆರವು ಬಂದರೆ ಬೂದಿ ಲಂಗ ಬರುತ್ತದೆ, ನೋಟುಬುಕ್ಕು ಬರುತ್ತದೆ, ಹುಡುಗಿ ಒಳಗೆ ಕೂರುತ್ತಾಳೆ. ಬರದಿದ್ದರೆ ಹುಡುಗಿ ಮನೆಯಲ್ಲಿ ಕೂರುತ್ತಾಳೆ. ಅದಕ್ಕೇ ಅವಳು ಮಿಷನ್ನು ಹೊರಿಸಿದ್ದು.

ಹತ್ತು ಗಂಟೆಗೆ ತಪಾಸಣೆಯವನು ಬಂದ. ಜೊತೆಗೆ ಫೋಟೋ ತೆಗೆಯಲು ಒಬ್ಬಳು ಹುಡುಗಿ. ಬೂಟು ಬಿಚ್ಚದೆ ಹೊಲಿಗೆಯವಳ ಮನೆಗೆ ನುಗ್ಗಿದ. ಒಂದೇ ಕೋಣೆ. ಅಕ್ಕಿಯ ಡಬ್ಬದ ಮುಚ್ಚಳ ತೆಗೆದು ನೋಡಿದ. ಹಾಸಿಗೆ ಮಡಚಿಟ್ಟದ್ದನ್ನು ಕಾಲಿನಿಂದ ಸರಿಸಿದ. ಒಗೆದು ನೇತುಹಾಕಿದ್ದ ಒಳಬಟ್ಟೆಯನ್ನು ಪೆನ್ನಿನಿಂದ ಎತ್ತಿ ಹಿಂದಿನ ಗೋಡೆ ನೋಡಿದ. ಹೊಲಿಗೆಯವಳು ಹಲ್ಲು ಕಚ್ಚಿಕೊಂಡು ನಿಂತಳು.

ನೆಲದಲ್ಲಿ ನಾಲ್ಕು ಗುಳಿ ಇದ್ದವು. ಮಿಷನ್ನಿನ ಕಾಲು ಹದಿನಾಲ್ಕು ವರ್ಷ ಕೂತು ಮಾಡಿದ ಗುಳಿ. ಅವನು ಅದನ್ನು ಬೂಟಿನ ತುದಿಯಿಂದ ಮುಟ್ಟಿದ.

"ಇದೇನು?"

"ಮಂಚ ಇತ್ತು ಸಾರ್. ಮುರೀತು."

"ಇಷ್ಟು ಚಿಕ್ಕ ಮಂಚದಲ್ಲಿ ಯಾರಮ್ಮ ಮಲಗ್ತಿದ್ರು?"

ಅವನು ಸೂಜಿಯ ಕಡೆ ತಿರುಗಿದ.

"ನೀನು ಹೇಳು ಪುಟ್ಟ. ಅಮ್ಮ ಏನು ಕೆಲಸ ಮಾಡ್ತಾರೆ?"

ಹಿಂದಿನ ದಿನವೆಲ್ಲ ಕೂರಿಸಿಕೊಂಡು ಹೇಳಿಕೊಟ್ಟಿದ್ದ ಮಾತು ಅದು. ಸೂಜಿ ಗೋಡೆ ನೋಡುತ್ತ ಪಾಠ ಒಪ್ಪಿಸಿದಳು.

"ಏನೂ ಮಾಡಲ್ಲ. ಸುಮ್ನೆ ಮನೇಲಿರ್ತಾರೆ."

ಹೇಳಿಕೊಟ್ಟವಳು ತಾನೇ. ಆದರೂ ಮಗಳ ಬಾಯಿಂದ ಅದನ್ನು ಕೇಳಿದಾಗ ಹೊಲಿಗೆಯವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ಮೂವರೂ ಒಲೆ ಹತ್ತಿರ ನಿಂತ್ಕೊಳ್ಳಿ" ಎಂದಳು ಫೋಟೋದ ಹುಡುಗಿ. ನಿಂತರು. ಅಭ್ಯಾಸಬಲದಿಂದ ಸೂಜಿ ಹಲ್ಲು ಬಿಟ್ಟಳು. "ನಗಬೇಡ. ನಕ್ಕ ಫೋಟೋ ಮೇಲಿನವರು ವಾಪಸ್ ಕಳಿಸ್ತಾರೆ." ಗೋಡೆಯ ಚಿತ್ರದಲ್ಲಿ ನಗಬೇಕು, ಅರ್ಜಿಯ ಚಿತ್ರದಲ್ಲಿ ನಗಬಾರದು. ಸೂಜಿ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ತಪಾಸಣೆಯವನು ಹನ್ನೊಂದು ಮನೆ ಮುಗಿಸಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ಬರೆದದ್ದನ್ನೆಲ್ಲ ಒಮ್ಮೆ ಕೂತು ಸರಿಮಾಡಿಕೊಳ್ಳಬೇಕಿತ್ತು ಅವನಿಗೆ.

"ಒಂದು ಕುರ್ಚಿ ಕೊಡ್ರಪ್ಪ."

ಗಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಡೀ ಗಲ್ಲಿಯಲ್ಲಿ ಒಂದೂ ಕುರ್ಚಿ ಇಲ್ವಾ?"

"ನಾವೆಲ್ಲ ನೆಲದ ಮೇಲೇ ಸಾರ್" ಎಂದ ಕೈಗಾಡಿ ತಳ್ಳುವ ಗಾಡಿಯಣ್ಣ, ತುಂಬ ವಿನಯದಿಂದ.

ಆಗ ಆಯಿತು ಯಡವಟ್ಟು. ಯಾರ ಮೇಲೆ ತಪ್ಪು ಹೊರಿಸುವುದು? ಅಜ್ಜಿಗೆ ಬೆಳಗ್ಗೆಯಿಂದ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಮನೆಯೊಳಗೆ ಏಳು ಕುರ್ಚಿ ಇಟ್ಟುಕೊಂಡು ನೆಲದ ಮೇಲೆ ಯಾಕೆ ಕೂರಬೇಕು ಎಂದು ಒಂದನ್ನು ಬಾಗಿಲಿಗೆ ಎಳೆದುಕೊಂಡು ಕೂತಿದ್ದಳು. ಬಿಸಿಲಲ್ಲಿ ಒಬ್ಬ ಮನುಷ್ಯ ಬೆವರು ಒರೆಸಿಕೊಳ್ಳುತ್ತ ನಿಂತದ್ದು ಕಂಡಿತು. ಎಪ್ಪತ್ತು ವರ್ಷದ ಅಭ್ಯಾಸ, ಎಲ್ಲಿ ಹೋಗುತ್ತದೆ? ಎದ್ದು ನಿಂತಳು.

"ಯಾಕಪ್ಪ ಪಾಪ, ಬಿಸಿಲಲ್ಲಿ ನಿಂತಿದ್ದೀಯ? ಬಾ, ಇಲ್ಲಿ ಕೂತ್ಕೋ. ನೀರು ಕೊಡ್ಲಾ?"

ಗಲ್ಲಿಗೆ ಗಲ್ಲಿಯೇ ಉಸಿರು ಹಿಡಿಯಿತು. ಅಜ್ಜಿಗೆ ಮಾತು ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವನು ಬಾಗಿಲಿಗೆ ಬಂದಿದ್ದ. ಒಳಗೆ ಇಣುಕಿದ. ನಿಧಾನವಾಗಿ ನಕ್ಕ.

"ಏಳು ಫ್ಯಾನು" ಎಂದ. "ಅಜ್ಜಿ, ಇದೆಲ್ಲ ಯಾರದ್ದು?"

ಅಜ್ಜಿ ಗಲ್ಲಿಯನ್ನು ನೋಡಿದಳು. ಹನ್ನೊಂದು ಬಾಗಿಲಲ್ಲಿ ಹನ್ನೊಂದು ಹೆಂಗಸರು ನಿಂತಿದ್ದರು. ಅವರ ಕಾಲಿಗೆ ಅಂಟಿಕೊಂಡು ಮಕ್ಕಳು.

"ನಂದೇ."

"ಏಳು ಫ್ಯಾನು ಒಬ್ಬರಿಗೆ ಯಾಕಜ್ಜಿ?"

"ವಯಸ್ಸಾಯ್ತಲ್ಲಪ್ಪ. ಸೆಕೆ ತಡೆಯಕ್ಕಾಗಲ್ಲ."

"ಈ ಹೊಲಿಗೆ ಮಿಷನ್ನು?"

"ಅದೂ ನಂದೇ. ಹರಿದಿದ್ದು ಹೊಲ್ಕೋಬೇಡ್ವಾ?"

ಅವನಿಗೆ ಗೊತ್ತಿತ್ತು. ನೆಲದ ಗುಳಿಯನ್ನು ಬೂಟಿನಲ್ಲಿ ಮುಟ್ಟಿ ಬಂದವನಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಒಂದೊಂದನ್ನೂ ಅಜ್ಜಿಯ ಹೆಸರಲ್ಲಿ ಬರೆದುಕೊಂಡ. ಕೆಳಗೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡ. "ನಾನೇನೂ ಹೇಳಿಲ್ಲ, ನೀವೇ ಹೇಳಿದ್ದು" ಎಂದು ನೀರು ಕುಡಿದು ಹೋದ.

ಎರಡು ವಾರ ಕಳೆಯಿತು. ಒಂದು ಬೆಳಗ್ಗೆ ಶಾಲೆಯ ಗೇಟಿನಲ್ಲಿ ಪಟ್ಟಿ ಅಂಟಿಸಿದರು. ಗಲ್ಲಿಯ ಹನ್ನೊಂದು ಮನೆಯ ಮಕ್ಕಳ ಹೆಸರೂ ಇತ್ತು. ಅದೇ ದಿನ ಅಜ್ಜಿಯ ಬಾಗಿಲಿಗೂ ಒಂದು ಕಾಗದ ಬಂತು. ಓದಿದವನು ಗಾಡಿಯಣ್ಣ. ‘ಅನುಕೂಲಸ್ಥರೆಂದು ಕಂಡುಬಂದ ಕಾರಣ ಪಿಂಚಣಿ ನಿಲ್ಲಿಸಲಾಗಿದೆ.’ ಅನುಕೂಲಸ್ಥರು ಎಂಬಲ್ಲಿ ಅವನು ಎರಡು ಸಲ ತಡವರಿಸಿದ.

ನಲ್ಲಿಯ ಹತ್ತಿರ ಎಲ್ಲರೂ ಸೇರಿದರು. ಯಾರಿಗೂ ಯಾರ ಮುಖ ನೋಡಲೂ ಧೈರ್ಯವಿಲ್ಲ.

"ಬಾಯಿ ಬಿಟ್ರೆ ಹನ್ನೊಂದು ಮನೆ ಮಕ್ಕಳದ್ದೂ ಹೋಗುತ್ತೆ" ಎಂದ ಗಾಡಿಯಣ್ಣ. "ಅಜ್ಜಿ ಊಟ ನಾವೇ ನೋಡ್ಕೊಳ್ಳೋಣ. ದಿನಕ್ಕೊಂದು ಮನೆ. ಏನಂತೀರಿ?"

ತಪ್ಪು ಮಾತೇನಲ್ಲ. ಕೆಟ್ಟ ಮನುಷ್ಯನೂ ಅಲ್ಲ. ಅವನಿಗೂ ಇಬ್ಬರು ಮಕ್ಕಳು. ಅಜ್ಜಿಯೂ ಅದನ್ನೇ ಹೇಳಿದಳು.

"ಸುಮ್ನಿರಿ ಎಲ್ಲರೂ. ಮಕ್ಕಳು ಓದ್ಲಿ. ನನಗೇನು, ಒಂದು ಹೊಟ್ಟೆ."

ಆದರೆ ಅವಳು ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಮೂರನೆಯ ದಿನ ಹೊಲಿಗೆಯವಳ ಬಾಗಿಲಲ್ಲಿ ಬಂದು ನಿಂತಳು.

"ಗುಂಡಿ ಹಾಕೋ ಕೆಲಸ ಇದ್ರೆ ಒಂದಿಷ್ಟು ಕೊಡೆ. ಸುಮ್ನೆ ಕೂತು ಬೇಜಾರು."

ಬೇಜಾರು ಎಂದಳು. ಹಸಿವು ಎನ್ನಲಿಲ್ಲ. ಗೋಡೆಗೆ ಒರಗಿ ಕೂತು ಸೂಜಿಗೆ ದಾರ ಪೋಣಿಸಲು ಹೊರಟಳು. ದಾರವನ್ನು ಬಾಯಲ್ಲಿ ಒದ್ದೆ ಮಾಡಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಮತ್ತೆ ಒದ್ದೆ ಮಾಡಿ. ದಾರ ಸೂಜಿಯ ಪಕ್ಕದಲ್ಲೇ ಹೋಗುತ್ತಿತ್ತು. ಹೊಲಿಗೆಯವಳು ಪೆಡಲು ತುಳಿಯುತ್ತ ಓರೆಗಣ್ಣಿನಲ್ಲಿ ನೋಡಿದಳು. ನೋಡಲಾಗದೆ ಬಟ್ಟೆಗೆ ಕಣ್ಣು ತಿರುಗಿಸಿದಳು.

ಅದೇ ಹೊತ್ತಿಗೆ ಮಗಳು ಶಾಲೆಯಿಂದ ಬಂದಳು. ಇನ್ನೂ ಹನ್ನೊಂದು ಗಂಟೆ. ಚೀಲವನ್ನು ಮೂಲೆಗೆ ಎಸೆದಳು.

"ಯಾಕೆ ಬಂದೆ?"

"ನೀಲಿ ಲಂಗದವರು ಇನ್ನು ಮೇಲೆ ಹೊರಗೂ ನಿಲ್ಲೋ ಹಾಗಿಲ್ವಂತೆ. ನೆರವು ಬಂತಲ್ಲ, ಹೊಸದು ಹಾಕ್ಕೊಂಡೇ ಬನ್ನಿ ಅಂದ್ರು."

"ದುಡ್ಡು ಕೈಗೆ ಬರೋಕೆ ಇನ್ನೂ ತಿಂಗಳು ಬೇಕು."

"ಹೇಳ್ದೆ. ಕೇಳ್ಲಿಲ್ಲ." ಸೂಜಿ ಅಜ್ಜಿಯ ಕೈಯಿಂದ ಸೂಜಿದಾರ ತೆಗೆದುಕೊಂಡು ಒಂದೇ ಏಟಿಗೆ ಪೋಣಿಸಿ ಕೊಟ್ಟಳು. ಅಮ್ಮನ ಕಡೆ ನೋಡದೆ ಹೇಳಿದಳು. "ಪಟ್ಟೀಲಿ ನನ್ನ ಹೆಸರಿನ ಮುಂದೆ ‘ತಾಯಿಯ ಉದ್ಯೋಗ: ಇಲ್ಲ’ ಅಂತ ಬರೆದಿದ್ದಾರೆ. ಗೇಟ್‌ನಲ್ಲಿ ಎಲ್ಲರೂ ಓದಿದ್ರು. ಅವರು ಹಾಕ್ಕೊಂಡಿರೋ ಲಂಗ ಎಲ್ಲ ನೀನೇ ಹೊಲಿದಿದ್ದು."

ಪೆಡಲು ನಿಂತಿತು. ಹೊಲಿಗೆ ಅರ್ಧದಲ್ಲಿತ್ತು. ಅವಳು ಯಾವತ್ತೂ ಹೊಲಿಗೆ ಅರ್ಧಕ್ಕೆ ನಿಲ್ಲಿಸಿದವಳಲ್ಲ. ಹುಡುಗಿ ಹೊಟ್ಟೆಯಲ್ಲಿದ್ದಾಗ ಒಂಬತ್ತನೇ ತಿಂಗಳವರೆಗೆ ತುಳಿದಿದ್ದಳು. ಹೆತ್ತ ಹನ್ನೆರಡನೇ ದಿನ ಮತ್ತೆ ಕೂತಿದ್ದಳು, ಕಾಲಲ್ಲೇ ತೊಟ್ಟಿಲ ಹಗ್ಗ ಕಟ್ಟಿಕೊಂಡು. ಉದ್ಯೋಗ ಇಲ್ಲ! ಸಿಟ್ಟು ಎದ್ದಿತು. ಅವರ ಮೇಲೆ ಸಿಟ್ಟು, ಪಟ್ಟಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಆ ಸುಳ್ಳನ್ನು ಮಗಳ ಬಾಯಿಗೆ ತುರುಕಿದ ತನ್ನ ಮೇಲೆ ಸಿಟ್ಟು.

ಗಂಡ ಅವತ್ತು ಗೋದಾಮಿಗೆ ಲಾರಿ ಬಾರದೆ ಮನೆಯಲ್ಲೇ ಇದ್ದ. ಅವನ ಕಡೆ ತಿರುಗಿದಳು.

"ಹಗ್ಗ ತಗೊಳ್ಳಿ. ಮಿಷನ್ನು ಎತ್ತಿ."

"ಎಲ್ಲಿಗೆ?"

"ಕಚೇರಿಗೆ."

"ತಲೆ ಕೆಟ್ಟಿದ್ಯಾ? ಹೆಸರು ಬಂದಿದೆ. ಇನ್ನೊಂದು ತಿಂಗಳು ಬಾಯಿ ಮುಚ್ಕೊಂಡಿದ್ರೆ ಹುಡುಗಿ ಲಂಗ ಹಾಕ್ಕೊಂಡು ಸ್ಕೂಲಿಗೆ ಹೋಗ್ತಾಳೆ. ನೀನೇ ತಾನೆ ಅದಕ್ಕೆ ಒದ್ದಾಡ್ತಿದ್ದದ್ದು?"

"ನಾನೇ. ಈಗಲೂ ಒದ್ದಾಡ್ತೀನಿ. ಆದ್ರೆ ಈ ಮುದುಕಿ ಅನ್ನ ಕಿತ್ಕೊಂಡು ಅಲ್ಲ. ಮೂರು ದಿನದಿಂದ ಏನು ತಿಂದಿದ್ದಾಳೆ ಕೇಳಿ ನೋಡೋಣ."

"ತಿಂದಿದ್ದೀನಿ ಕಣೇ" ಎಂದಳು ಅಜ್ಜಿ, ಬಟ್ಟೆಯ ಮೇಲಿಂದ ಕಣ್ಣೆತ್ತದೆ.

"ಏನು ತಿಂದೆ?"

ಅಜ್ಜಿ ಗುಂಡಿ ಹಾಕಿದಳು.

ಗಂಡ ಅಜ್ಜಿಯ ಕಡೆ ನೋಡಿದ. "ಹೆಸರು ಹೋಗುತ್ತೆ" ಎಂದ, ಈ ಸಲ ಮೆಲ್ಲಗೆ.

"ಹೋಗಲಿ ಅಂತ ಹೋಗ್ತಿಲ್ಲ. ಇರ್ಲಿ ಅಂತ ಕೇಳೋಕೆ ಹೋಗ್ತಿರೋದು. ಮಿಷನ್ನು ನಂದು. ನೆರವೂ ನನ್ನ ಮಗಳದ್ದು. ಬಚ್ಚಿಟ್ಟು ತಗೊಳ್ಳೋಕೆ ನಾನೇನು ಕದ್ದಿದ್ದೀನಾ?"

ಗಂಡ ಹಗ್ಗ ತಂದ. ಬೆನ್ನು ಬಗ್ಗಿಸಿದ. ಮಿಷನ್ನು ಬೆನ್ನಿಗೇರಿದಾಗ ಒಮ್ಮೆ ಮುಲುಗಿದ. "ಇಷ್ಟು ವರ್ಷ ಕಂಡವರ ಮೂಟೆ ಹೊತ್ತೆ" ಎಂದ. "ಸ್ವಂತದ್ದನ್ನ ಬಚ್ಚಿಡದೆ ಹೊರೋದು ಇದೇ ಮೊದಲು." ಹೊಲಿಗೆಯವಳು ಬೂದಿ ಬಟ್ಟೆಯ ಕಟ್ಟನ್ನು ತಲೆಯ ಮೇಲೆ ಇಟ್ಟುಕೊಂಡಳು. ಅದನ್ನು ಯಾಕೆ ತೆಗೆದುಕೊಂಡಳೋ ಆಗ ಅವಳಿಗೂ ಗೊತ್ತಿರಲಿಲ್ಲ. ಸೂಜಿಯ ಕೈಗೆ ಕತ್ತರಿ ಕೊಟ್ಟಳು.

ಈ ಸಲ ಯಾವ ಹೊದಿಕೆಯನ್ನೂ ಮುಚ್ಚಲಿಲ್ಲ. ನಡು ಬೀದಿಯಲ್ಲಿ ನಡೆದರು. ಗಾಡಿಯಣ್ಣ ಅಡ್ಡ ಬಂದ. "ಅಕ್ಕ, ನಿಮ್ಮ ಒಬ್ಬರದ್ದೇ ಅಲ್ಲ, ನಮ್ಮೆಲ್ಲರದ್ದೂ ಮುಳುಗಿಸ್ತೀರಿ" ಎಂದ.

"ನಿನ್ನ ಫ್ಯಾನಿನ ಸುದ್ದಿ ನಾನು ಎತ್ತಲ್ಲಪ್ಪ. ನನ್ನದನ್ನ ಮಾತ್ರ ಹೇಳ್ತೀನಿ. ದಾರಿ ಬಿಡು, ಅವರ ಬೆನ್ನ ಮೇಲೆ ಭಾರ ಇದೆ."

ನೆರವು, ಪಿಂಚಣಿ ಎರಡನ್ನೂ ನೋಡುವ ಕಚೇರಿ ಎರಡನೇ ಮಹಡಿಯಲ್ಲಿತ್ತು. ಮೂವತ್ತೆಂಟು ಮೆಟ್ಟಿಲು. ಗಂಡನ ಕತ್ತಿನ ನರ ಉಬ್ಬಿತು, ಬೆವರು ಮೂಗಿನ ತುದಿಯಿಂದ ಮೆಟ್ಟಿಲಿಗೆ ತೊಟ್ಟಿಕ್ಕಿತು. ನಡುವೆ ಎಲ್ಲೂ ಇಳಿಸಲಿಲ್ಲ. ಒಳಗೆ ಹೋಗಿ ನೇರವಾಗಿ ಅಲ್ಲಿನ ಅಧಿಕಾರಿ ಮೇಡಮ್ಮಿನ ಮೇಜಿನ ಮುಂದೆ ಇಳಿಸಿದ. ಆ ಕೋಣೆಯಲ್ಲಿ ಆರು ಫ್ಯಾನು ತಿರುಗುತ್ತಿದ್ದವು. ಅದರಡಿ ಮೂರೇ ಜನ ಕೂತಿದ್ದರು. ಹೊಲಿಗೆಯವಳು ಅಷ್ಟನ್ನೂ ತಲೆಯೆತ್ತಿ ನೋಡಿಕೊಂಡಳು.

"ಏನಿದು? ಯಾರು ನೀವು?" ಮೇಡಂ ಎದ್ದೇ ನಿಂತರು.

"ಮೂಲೆಮನೆ ಅಜ್ಜಿ ಹೆಸರಲ್ಲಿ ಒಂದು ಮಿಷನ್ನು ಬರೆದಿದ್ದೀರಲ್ಲ, ಅದು ಇದೇ. ಅಜ್ಜಿದಲ್ಲ, ನಂದು. ಅಜ್ಜಿ ಹತ್ರ ಒಂದು ಚಾಪೆ, ಎರಡು ಪಾತ್ರೆ ಬಿಟ್ರೆ ಏನೂ ಇಲ್ಲ. ಅವಳ ಪಿಂಚಣಿ ವಾಪಸ್ ಕೊಡಿ."

ಮೇಡಂ ಕಡತ ತೆಗೆಸಿದರು. ಹಾಳೆ ತಿರುವಿದರು. "ತಪಾಸಣೆ ದಿನ ನಿಮ್ಮನೇಲಿ ಯಂತ್ರ ಇಲ್ಲ ಅಂತ ಹೇಳಿದ್ದೀರಿ."

"ಸುಳ್ಳು ಹೇಳಿದೆ."

"ಸುಳ್ಳು ಮಾಹಿತಿ ಕೊಡೋದು ಅಪರಾಧ, ಗೊತ್ತಾ?"

"ಗೊತ್ತು. ಬರ್ಕೊಳ್ಳಿ. ಹೇಳಿದ್ದು ನಾನು, ಹೇಳಿಸಿದ್ದು ನಿಮ್ಮ ಪಟ್ಟಿ. ಅದನ್ನೂ ಬರ್ಕೊಳ್ಳಿ."

"ಹಾಗಾದ್ರೆ ನಿಮ್ಮ ಮಗಳ ಹೆಸರು ತೆಗೀಬೇಕಾಗುತ್ತೆ."

ಸೂಜಿ ಅಮ್ಮನ ಕೈ ಹಿಡಿದುಕೊಂಡಳು. ಹೊಲಿಗೆಯವಳು ಆ ಕೈಯನ್ನು ಬಿಗಿಯಾಗಿ ಹಿಡಿದಳು. ಈ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಯಾಕೆ ತೆಗೀಬೇಕು?"

"ದುಡಿಮೆಯ ಯಂತ್ರ ಇದ್ದರೆ ಕೊಡೋ ಹಾಗಿಲ್ಲ. ನಿಯಮ."

"ಮಿಷನ್ನಿದ್ದವರಿಗೆ ಅಂಗಡಿಯವನು ಹಳೇ ಬೆಲೆಗೆ ಎಣ್ಣೆ ಕೊಡ್ತಾನಾ ಮೇಡಂ? ಇದನ್ನ ಮುಂಜಾನೆಯಿಂದ ಕತ್ತಲಾಗೋವರೆಗೂ ತುಳೀತೀನಿ. ತುಳಿದ್ರೂ ಮಗಳಿಗೆ ಒಂದು ಲಂಗ ಆಗಲ್ಲ. ಬಡವರು ಅಂದ್ರೆ ಕೈ ಕಟ್ಕೊಂಡು ಕೂತಿರೋರು ಅಂದ್ಕೊಂಡಿದ್ದೀರಾ? ದುಡಿಯೋಕೇ ಸಾಮಾನು ಬೇಡ್ವಾ? ಇದನ್ನ ಮಾರಿ ಬಂದ್ರೆ ಕೊಡ್ತೀರಾ? ಆಮೇಲೆ ನಾಳೆ ಏನು ತಿನ್ನೋದು, ನಿಮ್ಮ ನಿಯಮಾನಾ?"

"ದನಿ ಏರಿಸಬೇಡಿ."

"ಹದಿನಾಲ್ಕು ವರ್ಷ ಈ ಮಿಷನ್ನಿನ ಸದ್ದಲ್ಲೇ ಬದುಕಿದ್ದೀನಿ. ನನಗೆ ಇರೋದೇ ಈ ದನಿ."

ಮೇಡಂ ಬಾಗಿಲ ಕಾವಲಿನವನನ್ನು ಕರೆದರು. "ಇದನ್ನ ಎತ್ತಿ ಹೊರಗಿಡಪ್ಪ." ಅವನು ಬಂದು ಮಿಷನ್ನನ್ನು ನೋಡಿದ, ಹೊತ್ತು ತಂದವನ ತೋಳು ನೋಡಿದ. "ಒಬ್ಬನ ಕೈಲಾಗಲ್ಲ ಮೇಡಂ" ಎಂದ. ಆಮೇಲೆ ಯಾರನ್ನೂ ನೋಡದೆ ಸೇರಿಸಿದ. "ನಮ್ಮನೇದು ಒಂದು ಮಂಚ, ಒಂದು ಮಿಕ್ಸಿ ಅಂತ ತೆಗೆದುಹಾಕಿದ್ರು."

ಹೊಲಿಗೆಯವಳು ತಲೆಯ ಮೇಲಿನ ಕಟ್ಟನ್ನು ಇಳಿಸಿ ಬಿಚ್ಚಿದಳು. ಯಾಕೆ ತಂದೆ ಎನ್ನುವುದು ಅವಳಿಗೆ ಈಗ ಗೊತ್ತಾಗಿತ್ತು. ಬೂದಿ ಬಟ್ಟೆಯ ಒಂದು ಲಂಗದ ತುಂಡುಗಳನ್ನು ಆರಿಸಿ ಮಿಷನ್ನಿನ ಹಲಗೆಯ ಮೇಲೆ ಇಟ್ಟಳು. ಆದರೆ ಕೂರಲು ಏನೂ ಇರಲಿಲ್ಲ.

"ಒಂದು ಕುರ್ಚಿ ಕೊಡಿ."

ಖಾಲಿ ಕುರ್ಚಿಗಳು ಸಾಲಾಗಿ ಇದ್ದವು. ಯಾರೂ ಮುಂದಕ್ಕೆ ತಳ್ಳಲಿಲ್ಲ.

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ಮೊದಲು ಕಂಡದ್ದು ಒಂದು ಕುರ್ಚಿ, ಕಾಲಿಗೆ ತಂತಿ ಸುತ್ತಿದ್ದು. ಅದನ್ನು ಹಿಡಿದಿದ್ದವನು ಗಾಡಿಯಣ್ಣ. ಅವನ ಇನ್ನೊಂದು ತೋಳಿಗೆ ಆತುಕೊಂಡು ಏದುಸಿರು ಬಿಡುತ್ತ ಅಜ್ಜಿ. ಹಿಂದೆ ಆಸ್ಪತ್ರೆ ಗುಡಿಸುವವಳು, ಕತ್ತು ಮುರಿದ ಫ್ಯಾನನ್ನು ಮಗುವಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು. ಅವಳ ಹಿಂದೆ ಇನ್ನಷ್ಟು ಜನ, ಇನ್ನಷ್ಟು ಫ್ಯಾನು. ಎಲ್ಲರೂ ಬಂದಿರಲಿಲ್ಲ. ಹನ್ನೊಂದರಲ್ಲಿ ಆರು ಮನೆಯವರು ಬಂದಿದ್ದರು.

"ಮುದುಕಿ ಒಬ್ಬಳೇ ಮೆಟ್ಟಿಲು ಹತ್ತುತ್ತೀನಿ ಅಂತ ಹೊರಟ್ಳು ಅಕ್ಕ. ಬಿಡೋಕಾಗುತ್ತಾ?" ಎಂದ ಗಾಡಿಯಣ್ಣ, ಜಗಳ ಆಡುವವನ ಹಾಗೆ. ಆಮೇಲೆ ಮೇಡಮ್ಮಿಗೆ ಹೇಳಿದ. "ಈ ಕುರ್ಚಿ ನಂದು. ಹಸಿರು ಟಿ.ವಿ.ಯೂ ನಂದೇ. ಗಾಡಿಯಲ್ಲಿದೆ, ಬೇಕಾದ್ರೆ ತರ್ತೀನಿ."

ಅಜ್ಜಿ ಕುರ್ಚಿಯನ್ನು ಎಳೆದು ಹೊಲಿಗೆಯವಳ ಹಿಂದೆ ಇಟ್ಟಳು. "ಕೂತ್ಕೋ" ಎಂದಳು.

ಹೊಲಿಗೆಯವಳು ಕೂತಳು. "ಬಾ ಇಲ್ಲಿ" ಎಂದು ಮಗಳನ್ನು ಎದುರಿಗೆ ನಿಲ್ಲಿಸಿ ಅಳತೆ ತೆಗೆದುಕೊಂಡಳು. ಎಷ್ಟೋ ನೂರು ಮಕ್ಕಳ ಲಂಗ ಹೊಲಿದ ಕೈ, ತನ್ನ ಮಗಳ ಸೊಂಟದ ಅಳತೆ ಹಿಡಿದು ವರ್ಷಗಳಾಗಿದ್ದವು. ಎಷ್ಟು ತೆಳ್ಳಗಿದ್ದಾಳೆ ಎಂದು ಆಗಲೇ ಸರಿಯಾಗಿ ಗೊತ್ತಾದದ್ದು. ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಅದು ಗುತ್ತಿಗೆದಾರನ ಬಟ್ಟೆ ಕಣೇ" ಎಂದ ಗಂಡ ಮೆಲ್ಲಗೆ. "ತೂಗ್ತಾನೆ."

"ತೂಗಲಿ. ಈ ಲಂಗದ್ದು ನನ್ನ ಕೂಲೀಲಿ ಹಿಡ್ಕೊಳ್ಳಲಿ. ಅವನಿಗೂ ಎಲ್ಲರ ಮುಂದೇನೇ ಹೇಳ್ತೀನಿ."

ಪೆಡಲು ಶುರುವಾಯಿತು. ಆ ಸದ್ದು ಕಚೇರಿಯ ತುಂಬ ಬಡಿಯಿತು. ಮೇಡಂ ಯಾರಿಗೋ ಫೋನು ಮಾಡಿದರು. ಏನು ಹೇಳಿದರೋ ಆ ಸದ್ದಿನಲ್ಲಿ ಆ ಕಡೆಯವರಿಗೆ ಕೇಳಿಸಲಿಲ್ಲ. ಎರಡು ಸಲ "ಹಲೋ, ಹಲೋ" ಎಂದು ಇಟ್ಟರು. ಕೊನೆಗೆ ಒಂದು ಬಿಳಿ ಹಾಳೆ ಎಳೆದುಕೊಂಡರು.

"ಏನು ಬರೀಬೇಕು ಹೇಳಿ. ಮೇಲೆ ಕಳಿಸ್ತೀನಿ. ನನ್ನ ಕೈಯಲ್ಲಿ ಅಷ್ಟೇ ಇರೋದು. ಮತ್ತೆ ತಪಾಸಣೆ ಆಗೋವರೆಗೂ ನಿಮ್ಮ ಹೆಸರು ಇರುತ್ತೆ ಅಂತ ನಾನು ಹೇಳಲ್ಲ."

"ಬನ್ನಿ ತಪಾಸಣೆಗೆ. ಈ ಸಲ ಎಲ್ಲ ಅದರದರ ಜಾಗದಲ್ಲೇ ಇರುತ್ತೆ. ನಿಮಗೆ ಕುರ್ಚಿನೂ ಹಾಕ್ತೀವಿ. ಮೊದಲು ಅಜ್ಜಿದು ಬರೀರಿ. ಆ ಸಾಮಾನು ಯಾವುದೂ ಅವಳದ್ದಲ್ಲ ಅಂತ ಬರೀರಿ. ಅದನ್ನ ನಮಗೆ ಓದಿ ಹೇಳಿ, ಮೊಹರು ಹಾಕಿ ಒಂದು ಪ್ರತಿ ಅವಳ ಕೈಗೆ ಕೊಡಿ. ಕೊಡೋವರೆಗೂ ಹೊಲೀತಾ ಇರ್ತೀನಿ. ಕಟ್ಟಲ್ಲಿ ಇನ್ನೂ ಬಟ್ಟೆ ಬೇಕಾದಷ್ಟಿದೆ."

ಮೇಡಂ ಬರೆದರು. ಓದಿ ಹೇಳಿದರು. ಮೊಹರು ಬಿತ್ತು. ಅಜ್ಜಿ ಕಾಗದವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿದಳು.

"ಇನ್ನು ನಿಮ್ಮದು" ಎಂದರು ಮೇಡಂ. "ಉದ್ಯೋಗ?"

ಹೊಲಿಗೆಯವಳು ತಲೆಯೆತ್ತಲಿಲ್ಲ. ಸೊಂಟಪಟ್ಟಿಯ ಮೂಲೆ ತಿರುಗಿಸುತ್ತಿದ್ದಳು. "ಮಗಳನ್ನ ಕೇಳಿ. ಹೋದ ಸಲಾನೂ ಅವಳನ್ನೇ ಕೇಳಿದ್ದು ನಿಮ್ಮವರು."

ಸೂಜಿ ಈ ಸಲ ಗೋಡೆ ನೋಡಲಿಲ್ಲ.

"ಅಮ್ಮ ಹೊಲೀತಾಳೆ" ಎಂದಳು. "ನಮ್ಮ ಸ್ಕೂಲಿನ ಯೂನಿಫಾರಂ ಎಲ್ಲ ಅಮ್ಮಾನೇ ಹೊಲಿಯೋದು. ನಾನು ಹೊಟ್ಟೇಲಿದ್ದಾಗಿಂದ. ಹಾಗೇ ಬರೀರಿ."

ಲಂಗ ಮುಗಿಯುತ್ತ ಬಂದಿತ್ತು. ಕಡೆಯ ಅಂಚು ಮಾತ್ರ ಉಳಿದಿತ್ತು. ಗುತ್ತಿಗೆದಾರನ ಅಳತೆಯಲ್ಲಿ ಅಂಚಿಗೆ ಒಂದು ಬೆರಳು ಬಟ್ಟೆ ಮಡಚಬೇಕು, ಅಷ್ಟೇ. ಹೊಲಿಗೆಯವಳು ಕಟ್ಟಿನಿಂದ ಅದಕ್ಕಿಂತ ಉದ್ದದ, ದೊಡ್ಡ ಹುಡುಗಿಯರ ಲಂಗದ ತುಂಡನ್ನೇ ಆರಿಸಿದ್ದಳು. ನಾಲ್ಕು ಬೆರಳು ಅಗಲ ಒಳಕ್ಕೆ ಮಡಚಿದಳು.

"ಅಷ್ಟೊಂದು ಯಾಕಮ್ಮ ಒಳಗೆ?" ಎಂದಳು ಸೂಜಿ.

"ಎಂಟನೇ ಕ್ಲಾಸಿಗೆ ಒಂದು ಸಲ ಬಿಚ್ಚಿ ಇಳಿಸೋಣ. ಒಂಬತ್ತಕ್ಕೆ ಇನ್ನೊಂದು ಸಲ" ಎಂದು ಅವಳು ಪೆಡಲು ತುಳಿದಳು.